‘ದೌ’ ಅಂದರೆ ‘ತಾವು’ ಅಲ್ಲ, ‘ನೀನು’

ಪ್ರಶ್ನೆ: ನನ್ನ ಮಗಳು ಪದವಿ ಓದುತ್ತಿದ್ದಾಳೆ. ಶೇಕ್ಸ್‌ಪಿಯರ್ ನಾಟಕದ ಪಾಠದಲ್ಲಿ ‘ದೌ’, ‘ದೀ’, ‘ದೈ’ ಅಂತ ಪದಗಳು ಬರುತ್ತವೆ. ಅದು ಹಳೇ ಕಾಲದ ಗೌರವದ ಮಾತು, ನಮ್ಮ ‘ತಾವು’ ಇದ್ದ ಹಾಗೆ ಅಂತ ಅವಳ ಗೈಡಿನಲ್ಲಿದೆ. ಚರ್ಚಿನ ಪ್ರಾರ್ಥನೆಯಲ್ಲೂ ದೇವರನ್ನು ಹಾಗೇ ಕರೆಯುತ್ತಾರೆ. ಆದರೆ ನಾಟಕದಲ್ಲಿ ಬೈಯುವಾಗಲೂ ಅದೇ ಪದ ಬರುತ್ತದಲ್ಲ? ಯಾವುದು ಸರಿ? ಈ ಪದ ಇಂಗ್ಲಿಷಿನಿಂದ ಮಾಯವಾಗಿದ್ದು ಯಾಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗೈಡಿನಲ್ಲಿರುವುದು ತಪ್ಪು, ನಿಮ್ಮ ಅನುಮಾನವೇ ಸರಿ. ‘ದೌ’ ಅಂದರೆ ‘ನೀನು’. ಮಗುವಿಗೆ, ಗೆಳೆಯನಿಗೆ, ಮನೆಯ ಆಳಿಗೆ, ಸಾಕಿದ ನಾಯಿಗೆ ಹೇಳುತ್ತಿದ್ದ ಮಾತು. ಗೌರವದ ಮಾತು ‘ಯೂ’ ಆಗಿತ್ತು. ಇವತ್ತು ಇಂಗ್ಲಿಷಿನವರು ಚಿಕ್ಕವರು ದೊಡ್ಡವರು ಅನ್ನದೆ ಎಲ್ಲರಿಗೂ ಹೇಳುವ ಆ ‘ಯೂ’ ಒಂದು ಕಾಲದ ‘ನೀವು’.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಇವತ್ತಿನ ಇಂಗ್ಲಿಷ್ ಹುಡುಗರಿಗೆ ಬಹಳ ಕಷ್ಟ. ಅವರ ಕಿವಿಗೆ ಏಕವಚನ, ಬಹುವಚನದ ಬಿಸಿ ತಾಗಿಯೇ ಇಲ್ಲ. ನಮಗೆ ದಿನಾ ತಾಗುತ್ತದೆ. ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’. ಅಮ್ಮನ ಮೇಲೆ ಗೌರವ ಕಮ್ಮಿ ಅಂತಲ್ಲ, ಸಲುಗೆ ಜಾಸ್ತಿ ಅಂತ. ಅದೇ ‘ನೀನು’ ಬಸ್ಸಿನಲ್ಲಿ ಗುರುತಿಲ್ಲದವರ ಬಾಯಿಂದ ಬಂದರೆ ಜಗಳಕ್ಕೆ ಅಷ್ಟೇ ಸಾಕು. ‘ಏಕವಚನದಲ್ಲಿ ಮಾತಾಡಬೇಡಿ’ ಅಂತ ನಾವು ಹೇಳುವ ಮಾತಿನಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಮೊದಲು ಪದದ ಹುಟ್ಟು. ಇದು ಇಂಗ್ಲಿಷಿನ ಅತಿ ಹಳೆಯ ಪದಗಳಲ್ಲೊಂದು. ಸಂಸ್ಕೃತದ ‘ತ್ವಂ’, ಹಿಂದಿಯ ‘ತೂ’, ಲ್ಯಾಟಿನ್ನಿನ ‘ತೂ’, ಜರ್ಮನ್ನಿನ ‘ದು’ ಎಲ್ಲವೂ ಇದರ ಅಣ್ಣತಮ್ಮಂದಿರು. ಸಂಸ್ಕೃತ, ಲ್ಯಾಟಿನ್ನಿನಲ್ಲಿ ‘ತ’ ಇರುವ ಕಡೆ ಇಂಗ್ಲಿಷಿನಲ್ಲಿ ಹಲ್ಲಿಗೆ ನಾಲಿಗೆ ತಾಗಿಸಿ ಗಾಳಿ ಬಿಡುವ ಸದ್ದು ಬಂದಿದೆ. ನಮ್ಮ ‘ತ್ರಿ’ ಅಲ್ಲಿ ‘ಥ್ರೀ’ ಆಗಿದೆಯಲ್ಲ, ಅದೇ ಲೆಕ್ಕ. ಇಂಥ ಬದಲಾವಣೆಗಳನ್ನು 1822ರಲ್ಲಿ ನಿಯಮವಾಗಿ ಬರೆದಿಟ್ಟವರು ಯಾಕೋಬ್ ಗ್ರಿಮ್. ಮಕ್ಕಳ ಕಥೆಗಳಿಂದ ನಮಗೆ ಗೊತ್ತಿರುವ ಗ್ರಿಮ್ ಸಹೋದರರಲ್ಲಿ ದೊಡ್ಡವರು. ಸಾವಿರ ವರ್ಷದ ಹಿಂದೆ ಈ ಪದದ ಕೊನೆಯಲ್ಲಿ ‘ಔ’ ಇರಲಿಲ್ಲ, ಉದ್ದನೆಯ ‘ಊ’ ಇತ್ತು. ಆಗ ಇಲಿಗೂ ‘ಮೂಸ್’ ಅಂತಲೇ ಅನ್ನುತ್ತಿದ್ದರು. ನಮ್ಮ ಗಣಪತಿಯ ಮೂಷಿಕನಿಗೆ ಅದು ದೂರದ ನೆಂಟ. ಮುಂದೆ ‘ಮೂಸ್’ ಹೋಗಿ ‘ಮೌಸ್’ ಆಯಿತು. ಅದೇ ದಾರಿಯಲ್ಲಿ ಇದೂ ‘ದೌ’ ಆಯಿತು. ನಮ್ಮ ‘ನೀನು’ ಮಾತ್ರ ಈ ಕುಟುಂಬದ್ದಲ್ಲ. ಅದು ತಮಿಳಿನ ‘ನೀ’ ಜೊತೆಗಿನ ದ್ರಾವಿಡ ಪದ.

ಆ ಹಳೇ ಇಂಗ್ಲಿಷಿನಲ್ಲಿ ಗೌರವದ ಪ್ರಶ್ನೆಯೇ ಇರಲಿಲ್ಲ. ಎದುರಿಗೆ ಒಬ್ಬರಿದ್ದರೆ ‘ದೌ’, ಜಾಸ್ತಿ ಜನ ಇದ್ದರೆ ‘ಯೀ’. ರಾಜ ಒಬ್ಬನೇ ಇದ್ದರೂ ಏಕವಚನವೇ. ಇಬ್ಬರಿಗೆ ಅಂತಲೇ ಬೇರೆ ಪದವೂ ಇತ್ತು, ಸಂಸ್ಕೃತದ ದ್ವಿವಚನದ ಹಾಗೆ. ಅದು ಬೇಗ ಸತ್ತುಹೋಯಿತು. ‘ದೀ’ ಅಂದರೆ ‘ನಿನ್ನನ್ನು’ ಅಥವಾ ‘ನಿನಗೆ’, ‘ದೈ’ ಅಂದರೆ ‘ನಿನ್ನ’. ಹಾಗೆಯೇ ‘ಯೀ’ ಅಂದರೆ ‘ನೀವು’, ‘ಯೂ’ ಅಂದರೆ ‘ನಿಮ್ಮನ್ನು’ ಅಥವಾ ‘ನಿಮಗೆ’. ಅಂದರೆ ಇವತ್ತಿನ ‘ಯೂ’ ಮೊದಲು ‘ನೀವು’ ಕೂಡ ಆಗಿರಲಿಲ್ಲ. ‘ಯೀ’ ಇದ್ದ ಜಾಗವನ್ನೂ ಅದು ಆಮೇಲೆ ನುಂಗಿಕೊಂಡಿತು.

ಗೌರವದ ಲೆಕ್ಕ ಬಂದಿದ್ದು ಫ್ರಾನ್ಸಿನ ಕಡೆಯಿಂದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆಯ ಮಾತು, ಕೋರ್ಟಿನ ಮಾತು ಫ್ರೆಂಚ್ ಆಯಿತು. ಫ್ರೆಂಚಿನಲ್ಲಿ ದೊಡ್ಡವರು ಒಬ್ಬರೇ ಇದ್ದರೂ ಬಹುವಚನ. 13ನೇ ಶತಮಾನದ ಹೊತ್ತಿಗೆ ಈ ರೂಢಿ ಇಂಗ್ಲಿಷಿಗೂ ಇಳಿಯಿತು. ಅಲ್ಲಿಂದ ಮೇಲಿನವರಿಗೆ ‘ಯೂ’, ಕೆಳಗಿನವರಿಗೆ ‘ದೌ’. ಸಿಟ್ಟು ಬಂದಾಗಲೂ ‘ದೌ’, ಪ್ರೀತಿ ಉಕ್ಕಿದಾಗಲೂ ‘ದೌ’.

ಸಿಟ್ಟಿನದಕ್ಕೆ ಒಂದು ನಿಜವಾದ ಘಟನೆ ಇದೆ. 1603ರ ನವೆಂಬರಿನಲ್ಲಿ ವಿಂಚೆಸ್ಟರ್ ಊರಿನಲ್ಲಿ ಸರ್ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ರಾಲಿ ಸಾಮಾನ್ಯ ಮನುಷ್ಯನಲ್ಲ. ಎಲಿಜಬೆತ್ ರಾಣಿಗೆ ಬೇಕಾಗಿದ್ದವನು, ಕಡಲಯಾತ್ರಿ, ಕವಿ. ಸರ್ಕಾರದ ಪರವಾಗಿ ವಾದಿಸಿದವನು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್. ವಾದದ ಕಾವಿನಲ್ಲಿ ಕೋಕ್ ಅವನನ್ನು ದ್ರೋಹಿ ಅಂದಿದ್ದಷ್ಟೇ ಅಲ್ಲ, ‘ನಿನ್ನನ್ನು ನಾನು ದೌ ಅಂತೀನಿ’ ಎಂದೂ ಕೂಗಿದ. ಅಂದರೆ ‘ದೌ’ ಪದವನ್ನೇ ಕ್ರಿಯಾಪದ ಮಾಡಿಕೊಂಡ. ಕನ್ನಡದಲ್ಲಿ ಹೇಳುವುದಾದರೆ ‘ಲೋ ದ್ರೋಹಿ, ನಿನಗೆ ಏಕವಚನವೇ ಸರಿ ಕಣೋ’. ಅದು ‘ತಾವು’ ಆಗಿದ್ದರೆ ಈ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ ಅಲ್ವಾ?

ನಿಮ್ಮ ಮಗಳಿಗೆ ತೋರಿಸಬೇಕಾದ ಜಾಗ ಹ್ಯಾಮ್ಲೆಟ್ ನಾಟಕದ ಮೂರನೇ ಅಂಕದ ನಾಲ್ಕನೇ ದೃಶ್ಯ. ಗಂಡ ಸತ್ತ ಸ್ವಲ್ಪ ದಿನಕ್ಕೇ ರಾಣಿ ಅವನ ತಮ್ಮನನ್ನು ಮದುವೆಯಾಗಿದ್ದಾಳೆ. ಮಗ ಕೋಣೆಗೆ ಬರುತ್ತಾನೆ. ‘ಹ್ಯಾಮ್ಲೆಟ್, ನಿನ್ನ ಅಪ್ಪನ ಮನಸ್ಸನ್ನು ನೀನು ತುಂಬ ನೋಯಿಸಿದ್ದೀಯ’ ಅನ್ನುತ್ತಾಳೆ. ಇಲ್ಲಿ ಅಪ್ಪ ಅಂದರೆ ಹೊಸ ಗಂಡ. ಅವಳು ಬಳಸುವುದು ‘ದೌ’. ತಾಯಿ ಮಗನಿಗೆ ಆಡುವ ಸಹಜ ಮಾತು. ಮಗ ಅದೇ ವಾಕ್ಯವನ್ನು ತಿರುಗಿಸಿ ಹೊಡೆಯುತ್ತಾನೆ: ‘ಅಮ್ಮ, ನನ್ನ ಅಪ್ಪನ ಮನಸ್ಸನ್ನು ನೀವು ತುಂಬ ನೋಯಿಸಿದ್ದೀರಿ’. ಅವನದು ‘ಯೂ’. ಮುಂದಿನ ಸಾಲಿಗೇ ತಾಯಿಯೂ ‘ಯೂ’ ಅನ್ನುತ್ತಾಳೆ. ಮಗನ ಮೇಲೆ ಗೌರವ ಬಂದಿದ್ದಲ್ಲ, ಮನಸ್ಸು ಮುರಿದಿದೆ. ನಮ್ಮ ಮನೆಗಳಲ್ಲೂ ಮಗನ ಮೇಲೆ ಬೇಜಾರಾದ ತಾಯಿ ‘ನೀವು ದೊಡ್ಡವರಪ್ಪ’ ಅಂತ ಬಹುವಚನಕ್ಕೆ ಹತ್ತಿಬಿಡುತ್ತಾಳಲ್ಲ, ಅದೇ ಚಳಿ. ಎರಡನ್ನೂ ‘ನೀನು’ ಅಂತ ಕನ್ನಡಕ್ಕೆ ತಂದರೆ ಈ ಪೆಟ್ಟು ಬೀಳುವುದೇ ಇಲ್ಲ. ಎರಡನ್ನೂ ‘ತಾವು’ ಮಾಡಿದರಂತೂ ದೃಶ್ಯವೇ ಸತ್ತುಹೋಗುತ್ತದೆ. ಇಂಗ್ಲೆಂಡಿನವರು ಅಡಿಟಿಪ್ಪಣಿ ಇಟ್ಟುಕೊಂಡು ಓದಬೇಕಾದ ಸಾಲನ್ನು ಕನ್ನಡದ ಓದುಗರು ನೇರವಾಗಿ ಅನುಭವಿಸಬಹುದು. ಹಾಗಿರುವಾಗ ಗೈಡಿನ ಒಂದು ತಪ್ಪು ಸಾಲು ಅದನ್ನು ಕಿತ್ತುಕೊಂಡರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ.

ಇನ್ನು ಪದ ಮಾಯವಾದ ಬಗ್ಗೆ. ಗುರುತಿಲ್ಲದವರು ಎದುರು ಬಂದರೆ ನೀವೇನು ಮಾಡುತ್ತೀರಿ? ಸುಮ್ನೆ ಯಾಕೆ ತೊಂದರೆ ಅಂತ ‘ನೀವು’ ಅನ್ನುತ್ತೀರಿ. ‘ನೀವು’ ಅಂದಿದ್ದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ. ಲಂಡನ್ನಿನಂಥ ಊರುಗಳಲ್ಲಿ ಬಟ್ಟೆ ನೋಡಿ ಅಂತಸ್ತು ಹೇಳುವುದು ಕಷ್ಟವಾದಾಗ ಅಲ್ಲೂ ಹಾಗೇ ಆಯಿತು. 17ನೇ ಶತಮಾನದಲ್ಲಿ ‘ಯೂ’ ಹಬ್ಬುತ್ತಾ ಹೋಯಿತು, ‘ದೌ’ ಮೂಲೆಗೆ ಸರಿಯಿತು.

ಆಗ ಈ ಪದದ ಪರವಾಗಿ ಪೆಟ್ಟು ತಿಂದವರೂ ಇದ್ದರು. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ದೇವರ ಮುಂದೆ ಎಲ್ಲರೂ ಒಂದೇ, ಒಬ್ಬ ಮನುಷ್ಯನಿಗೆ ಬಹುವಚನ ಹೇಳುವುದು ಸುಳ್ಳು ಹೇಳಿದ ಹಾಗೆ ಎನ್ನುವುದು ಅವರ ನಂಬಿಕೆ. ನ್ಯಾಯಾಧೀಶನಿಗೂ ಏಕವಚನ, ಶ್ರೀಮಂತನಿಗೂ ಏಕವಚನ. ಟೋಪಿಯನ್ನೂ ತೆಗೆಯುತ್ತಿರಲಿಲ್ಲ. ಅವರ ನಾಯಕ ಜಾರ್ಜ್ ಫಾಕ್ಸ್ 1660ರಲ್ಲಿ ಇಬ್ಬರು ಜೊತೆಗಾರರೊಡನೆ ಒಂದು ದೊಡ್ಡ ಪುಸ್ತಕವನ್ನೇ ತಂದರು. ಹಲವು ಭಾಷೆಗಳ ಏಕವಚನ, ಬಹುವಚನಗಳನ್ನು ತೋರಿಸಿ ಒಬ್ಬರಿಗೆ ‘ದೌ’ ಅನ್ನುವುದೇ ಸರಿ ಅಂತ ವಾದಿಸಿದರು. ಈ ಪದಕ್ಕಾಗಿ ತಮ್ಮವರು ಏಟು ತಿಂದರು, ಜೀವಕ್ಕೇ ಅಪಾಯವಾಗಿತ್ತು ಎಂದು ಫಾಕ್ಸ್ ಬರೆದಿಟ್ಟಿದ್ದಾರೆ. ಥಾಮಸ್ ಎಲ್‌ವುಡ್ ಎಂಬ ತರುಣ ಕ್ವೇಕರ್ ಆದ ಮೇಲೆ ಸ್ವಂತ ಅಪ್ಪನಿಗೂ ‘ದೌ’ ಅಂದ. ಇನ್ನೊಂದು ಸಲ ಹಾಗಂದರೆ ಹಲ್ಲು ಉದುರಿಸುತ್ತೇನೆ ಅಂತ ಅಪ್ಪ ಗದರಿದ್ದು ಅವನ ಆತ್ಮಕಥೆಯಲ್ಲಿದೆ.

ಹಾಗಾದರೆ ಚರ್ಚಿನಲ್ಲಿ? ಅಲ್ಲೂ ಅದು ‘ನೀನು’ ಅಂತಲೇ ಬಂದಿದ್ದು. ಮೂಲದ ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಒಬ್ಬರಿಗೆ ಬೇರೆ ಪದ, ಹಲವರಿಗೆ ಬೇರೆ ಪದ ಇದೆ. 1611ರ ಇಂಗ್ಲಿಷ್ ಬೈಬಲ್ ಅದನ್ನು ಹಾಗೇ ಉಳಿಸಿಕೊಂಡಿತು. ದೇವರಿಗೂ ‘ದೌ’, ಸೈತಾನನಿಗೂ ‘ದೌ’. ಲೂಕನ ಸುವಾರ್ತೆಯಲ್ಲಿ ಯೇಸು ಸೀಮೋನನಿಗೆ ಹೇಳುವ ಮಾತು ನೋಡಿ: ಸೈತಾನನು ನಿಮ್ಮನ್ನು ಗೋಧಿ ಹಾಗೆ ಜರಡಿ ಹಿಡಿಯಲು ಕೇಳಿದ್ದಾನೆ, ಆದರೆ ನಾನು ನಿನಗಾಗಿ ಬೇಡಿಕೊಂಡಿದ್ದೇನೆ. ಮೊದಲು ‘ಯೂ’, ಅಂದರೆ ಶಿಷ್ಯರೆಲ್ಲರೂ. ಆಮೇಲೆ ‘ದೀ’, ಅಂದರೆ ಸೀಮೋನ ಒಬ್ಬನೇ. ಇವತ್ತಿನ ಇಂಗ್ಲಿಷಿನಲ್ಲಿ ಎರಡೂ ಕಡೆ ‘ಯೂ’ ಹಾಕಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಮನೆಯಲ್ಲಿ ‘ದೌ’ ನಿಂತುಹೋಯಿತು, ಚರ್ಚಿನಲ್ಲಿ ಉಳಿಯಿತು. ಪ್ರಾರ್ಥನೆಯಲ್ಲಿ ಮಾತ್ರ ಕಿವಿಗೆ ಬೀಳುವ ಪದ ಅಂದ ಮೇಲೆ ಜನಕ್ಕೆ ಅದು ಗಂಭೀರ, ಪವಿತ್ರ ಅನಿಸತೊಡಗಿತು. ಅರ್ಥ ತಲೆಕೆಳಗಾಗಿದ್ದು ಹೀಗೆ. 1952ರಲ್ಲಿ ಅಮೆರಿಕದಲ್ಲಿ ಬಂದ ಪರಿಷ್ಕೃತ ಬೈಬಲ್ ಮನುಷ್ಯರಿಗೆಲ್ಲ ‘ಯೂ’ ಮಾಡಿ, ದೇವರನ್ನು ಕರೆಯುವಾಗ ಮಾತ್ರ ‘ದೌ’ ಉಳಿಸಿಕೊಂಡಿತು. ಗೈಡಿನ ತಪ್ಪು ಹುಟ್ಟಿದ್ದೂ ಇಂಥ ಕಡೆಯಿಂದಲೇ. ಹಳೆಯ ಕನ್ನಡ ಬೈಬಲ್ಲಿನ ಪ್ರಾರ್ಥನೆಯಲ್ಲಿ ತಂದೆಯಾದ ದೇವರಿಗೆ ‘ನಿನ್ನ ನಾಮವು’ ಅಂತಲೇ ಇದೆ. ನಾವೂ ಅಷ್ಟೇ, ಕಷ್ಟ ಬಂದರೆ ‘ನೀನೇ ಕಾಪಾಡಪ್ಪಾ ಮಂಜುನಾಥ’ ಅನ್ನುತ್ತೇವೆ, ‘ತಾವು ಕಾಪಾಡಬೇಕು’ ಅನ್ನುವುದಿಲ್ಲ.

ಹಾಗಂತ ‘ದೌ’ ಪೂರ್ತಿ ಸತ್ತಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಹಳಬರ ಆಡುಮಾತಿನಲ್ಲಿ ಅದು ‘ದಾ’ ಆಗಿ ಉಳಿದಿದೆ. ಅಲ್ಲಿ ಮಕ್ಕಳು ದೊಡ್ಡವರಿಗೆ ‘ದಾ’ ಅಂದರೆ ಗದರಿಸುವ ಗಾದೆಯಂಥ ಮಾತೂ ಇದೆ: ನನಗೆ ‘ದಾ’ ಅನ್ನಬೇಡ, ನಿನಗೆ ನೀನೇ ‘ದಾ’ ಅಂದುಕೋ. ಮಗಳಿಗೆ ಈ ಮಾತು ಹೇಳಿ, ಆಮೇಲೆ ಹ್ಯಾಮ್ಲೆಟ್ಟಿನ ಆ ನಾಲ್ಕು ಸಾಲು ಗಟ್ಟಿಯಾಗಿ ಓದಿಸಿ. ತಾಯಿಯ ‘ನೀನು’ ಎಲ್ಲಿ ‘ನೀವು’ ಆಯಿತು ಅಂತ ಅವಳೇ ಹಿಡಿಯುತ್ತಾಳೆ.