ಮಾತ್ರೆ ಮುಗೀತು, ಉರಿ ವಾಪಸ್ ಬಂತು, ಎಂತ ಮಾಡುದು?

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ, ಊರು ಕಾಪು, ಕೆಲಸ ಮಂಗಳೂರಲ್ಲಿ. ಹೊರಗೆ ಒಂದು ತಪ್ಪು ಮಾಡಿದ ಮೇಲೆ ಮೂತ್ರ ಮಾಡುವಾಗ ಉರಿ, ಬೆಳಿಗ್ಗೆ ಚಡ್ಡಿಯಲ್ಲಿ ಹಳದಿ ಕಲೆ. ನಾಚಿಕೆಗೆ ಯಾರಿಗೂ ತೋರಿಸದೆ ಮೆಡಿಕಲ್‌ನಿಂದ ಸಿಪ್ರೊಫ್ಲಾಕ್ಸಾಸಿನ್ ತಂದು 5 ದಿನ ತಗೊಂಡೆ. ಕಮ್ಮಿ ಆದ ಹಾಗಿತ್ತು, ಈಗ ಪುನಃ ಶುರು. ಇದು ಮದ್ದು ನಾಟದ ಗೊನೊರಿಯಾವಾ? ಹೆಂಡತಿಗೆ ಎಂತದ್ದೂ ಇಲ್ಲ, ಹೇಳ್ಲೇಬೇಕಾ?
(ಹೆಸರು ಬೇಡ)

ಉತ್ತರ: ಮಾರಾಯ್ರೆ, ಗೊನೊರಿಯಾ ಅಂತ ಹೇಳಿದ್ದು ಯಾರು? ಟೆಸ್ಟೇ ಆಗ್ಲಿಲ್ಲ ಅಲ್ವಾ. ಲಕ್ಷಣ ನೋಡಿದ್ರೆ ಇರಬಹುದು, ಆದ್ರೆ ಗೊನೊರಿಯಾದ ಹಾಗೆ ಸಂಬಂಧದಿಂದ ಹರಡುವ ಇನ್ನೊಂದು ರೋಗ ಕ್ಲಮೈಡಿಯಾ ಕೂಡ ಹೀಗೇ ಕಾಡ್ತದೆ, ಎರಡೂ ಒಟ್ಟಿಗೆ ಇರುದೂ ಉಂಟು. ಗೊನೊರಿಯಾನೇ ಆಗಿದ್ರೆ ನೀವು ತಗೊಂಡ ಮಾತ್ರೆ ಅದಕ್ಕೆ ನಾಟದೆ ವರ್ಷಗಳೇ ಆದವು, ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2007ರಲ್ಲೇ ಅದನ್ನು ಕೈಬಿಟ್ಟಿದೆ, ನಮ್ಮ ದೇಶದಲ್ಲೂ ರೆಸಿಸ್ಟೆನ್ಸ್, ಅಂದ್ರೆ ಮದ್ದು ನಾಟದಿರುದು, ವಿಪರೀತ. ಈ ರೋಗಾಣು ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್ ಎಲ್ಲ ಒಂದೊಂದಾಗಿ ಅರಗಿಸಿಕೊಂಡು ಬಂದದ್ದು. ಕಮ್ಮಿ ಆಯ್ತು ಅಂತ ಅನಿಸಿದ್ದಕ್ಕೂ ಅರ್ಥ ಇಲ್ಲ, ಕೀವು ತನ್ನಷ್ಟಕ್ಕೆ ಇಳಿದ್ರೂ ರೋಗಾಣು ಒಳಗೇ ಇರ್ತದೆ.

ಈಗ ಮುಖ್ಯವಾಗಿ ನಂಬಿಕೆಯಿರುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಮೇಲೆ. ಅದೂ ಸೋತ ಕೇಸುಗಳು ಉಂಟು, 2018ರಲ್ಲಿ ಬ್ರಿಟನ್‌ನ ಒಬ್ಬರಿಗೆ ಅದು ನಾಟದೆ ಕೊನೆಗೆ ಎರ್ಟಾಪೆನೆಮ್ ಅನ್ನುವ ಬೇರೆ ಆಂಟಿಬಯೋಟಿಕ್ ಕೊಟ್ಟು ಗುಣ ಮಾಡಿದ್ರು, ಆದ್ರೆ ಅಂಥದ್ದು ಅಪರೂಪ. ಸರಿಯಾದ ಮದ್ದು ಆದ ಮೇಲೂ ವಾಪಸ್ ಬಂದ್ರೆ ನಾವು ಮೊದಲು ಕೇಳುದು, ಜೊತೆಗಾರರಿಗೆ ಮದ್ದು ಆಯ್ತಾ ಅಂತ, ಯಾಕಂದ್ರೆ ಹೆಚ್ಚಿನ ಸಲ ಅಲ್ಲಿಂದಲೇ ಮತ್ತೆ ತಾಗಿರ್ತದೆ.

ಹಾಗಾಗಿ ಹೆಂಡತಿಗೆ ಹೇಳ್ಲೇಬೇಕು. ಹೆಂಗಸರಲ್ಲಿ ಎಷ್ಟೋ ಸಲ ಲಕ್ಷಣವೇ ಇರುದಿಲ್ಲ, ಒಳಗೊಳಗೆ ಗರ್ಭನಾಳಕ್ಕೆ ಏರಿ ಮುಂದೆ ಮಕ್ಕಳಾಗ್ಲಿಕ್ಕೆ ತೊಂದರೆ ಮಾಡ್ತದೆ. ಹೇಗೆ ಹೇಳುದು ಅಂತ ಗೊತ್ತಾಗದಿದ್ರೆ ಡಾಕ್ಟ್ರ ಎದುರಲ್ಲಿ ಕೂತು ಹೇಳಿ, ಎಷ್ಟೋ ಜನ ಹಾಗೇ ಮಾಡುದು. ಇಬ್ಬರಿಗೂ ಮದ್ದಾಗಿ 7 ದಿನ ಕಳೆಯುವವರೆಗೆ ಸಂಬಂಧ ಬೇಡ. ಎಚ್‌ಐವಿ, ಸಿಫಿಲಿಸ್ ಟೆಸ್ಟೂ ಮಾಡ್ಸಿ.

ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ, ಇಲ್ಲ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಫ್ರೀ. ಕಲ್ಚರ್ (ರೋಗಾಣುವನ್ನು ಲ್ಯಾಬಲ್ಲಿ ಬೆಳೆಸಿ ನೋಡುವ ಟೆಸ್ಟ್) ಕೇಳಿ, ಯಾವ ಮದ್ದು ನಾಟ್ತದೆ ಅಂತ ತಿಳಿಯುದು ಅದ್ರಿಂದಲೇ, ಪಿಸಿಆರ್ ರೋಗ ಉಂಟಾ ಅಂತ ಹೇಳೀತು ಅಷ್ಟೆ. ಹೋಗುವ ಮುಂಚೆ ಬೇರೆ ಮಾತ್ರೆ ನುಂಗ್ಬೇಡಿ, ಒಂದೆರಡು ಗಂಟೆ ಮೂತ್ರವೂ ಮಾಡ್ಬೇಡಿ, ಸ್ವಾಬ್ ಚೆನ್ನಾಗಿ ಸಿಗ್ತದೆ. ಆ ಸಿಪ್ರೊದ ಖಾಲಿ ಸ್ಟ್ರಿಪ್ ಬಿಸಾಡದಿದ್ರೆ ಕಿಸೆಗೆ ಹಾಕ್ಕೊಳ್ಳಿ, ಎಂತ ತಗೊಂಡದ್ದು ಅಂತ ಖಂಡಿತ ಕೇಳ್ತಾರೆ.