ಗ್ರಂಥಾಲಯದ ಪುಟ: ಒಬ್ಬರ ಕೈಗೋ, ತಂಡಕ್ಕೋ?

ನಮಸ್ಕಾರ. ವಿಶ್ವವಿದ್ಯಾಲಯ ಗ್ರಂಥಾಲಯದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳನ್ನು ನೀವೊಬ್ಬರೇ ನೋಡಿಕೊಳ್ಳಬೇಕೇ, ನಾಲ್ವರು ಸಿಬ್ಬಂದಿಗೆ ಹಂಚಬೇಕೇ ಎಂದು ಕೇಳಿದ್ದೀರಿ. ಹಂಚಿ, ಆದರೆ ಏನು ಪ್ರಕಟವಾಗಬೇಕೆಂಬ ಕೊನೆಯ ಮಾತು ಒಬ್ಬರದ್ದೇ ಇರಲಿ.

ನಾನು ಎರಡು ವರ್ಷ ಒಬ್ಬನೇ ನಡೆಸಿ ಕೈ ಸುಟ್ಟುಕೊಂಡವನು. ಪರೀಕ್ಷೆ ಮುಗಿಯುವವರೆಗೆ ವಾಚನಾಲಯ ರಾತ್ರಿ ಹತ್ತರ ತನಕ ತೆರೆದಿರುತ್ತದೆ ಎಂದು ಹಾಕಿ ಊರಿಗೆ ಹೋದೆ. ಮರುದಿನವೇ ಸಮಯ ಎಂಟಕ್ಕೆ ಇಳಿಯಿತು. ಪಾಸ್‌ವರ್ಡ್ ನನ್ನೊಬ್ಬನ ಬಳಿ. ನಮ್ಮೂರಿನ ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲ. ಎಂಟೂವರೆಗೆ ಬಂದ ವಿದ್ಯಾರ್ಥಿಗಳು ಬಾಗಿಲಿನ ಬೀಗದ ಫೋಟೊ ತೆಗೆದು ನಮ್ಮದೇ ಪ್ರಕಟಣೆಯ ಕೆಳಗೆ ಅಂಟಿಸಿದ್ದರು!

ಈಗ ನಮ್ಮಲ್ಲಿ ಬರೆಯುವವರು ಮೂವರು. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರಿನವರನ್ನು ಮಾತ್ರ ಬಿಡಬೇಡಿ. ವಿದ್ಯಾರ್ಥಿಗಳು ದಿನವೂ ಏನು ಕೇಳುತ್ತಾರೆಂಬುದು ಗೊತ್ತಿರುವುದು ಅವರಿಗೇ. 'ಶೋಧಗಂಗಾದಲ್ಲಿ (ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರ) ಪಿಎಚ್.ಡಿ. ಪ್ರಬಂಧ ಹುಡುಕುವುದು ಹೇಗೆ' ಎಂದು ನಮ್ಮ ಕೌಂಟರಿನ ಮೇಡಂ ಬರೆದ ನಾಲ್ಕು ಸಾಲಿಗೆ ಬಂದಷ್ಟು ಪ್ರಶ್ನೆಗಳು, ನಾನು ಬಣ್ಣಬಣ್ಣವಾಗಿ ಮಾಡಿದ ಯಾವ ಚಿತ್ರಕ್ಕೂ ಬಂದಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಆಗಸ್ಟ್ 12ರ ಜನ್ಮದಿನದಂಥವನ್ನು ಮೊದಲೇ ಸಿದ್ಧಪಡಿಸಿ ದಿನಾಂಕ ಗೊತ್ತುಮಾಡಿಟ್ಟರೆ ಸಾಕು.

ಫೇಸ್‌ಬುಕ್ ಪುಟಕ್ಕೆ ಪಾಸ್‌ವರ್ಡ್ ಹಂಚಬೇಕಿಲ್ಲ. ಪ್ರತಿಯೊಬ್ಬರಿಗೂ ಅವರವರ ಖಾತೆಯಿಂದಲೇ ಅನುಮತಿ ಕೊಡಬಹುದು. ಯಾರಾದರೂ ವರ್ಗವಾಗಿ ಹೋದ ದಿನವೇ ಅದನ್ನು ತೆಗೆದುಹಾಕಿ. ಪ್ರಶ್ನೆಗಳಿಗೆ ಉತ್ತರಿಸಲು ವಾರಕ್ಕೊಬ್ಬರ ಸರದಿ ಇರಲಿ, ಆ ಹೆಸರು ಕಚೇರಿಯ ಗೋಡೆಯ ಮೇಲಿರಲಿ.