ಗೋಡೆಯ ತೇವಕ್ಕೆ ಪೇಂಟ್ ಮದ್ದಲ್ಲ

ಪತ್ರ: ಬೆಂಗಳೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಬೆಡ್‌ರೂಮ್ ಗೋಡೆಗೆ ನೀರಿಳಿದು ಬೂಷ್ಟು ಹಿಡಿದಿದೆ. ಓನರ್‌ಗೆ ನಾಲ್ಕು ಸಲ ಹೇಳಿದೆ. ಒಮ್ಮೆ ಪೇಂಟ್ ಹೊಡೆಸಿದರು, ಮಳೆಗಾಲಕ್ಕೆ ಮತ್ತೆ ಉಬ್ಬಿತು. ಈಗ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತಾರೆ. ಬಾಡಿಗೆ ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ನಿಲ್ಲಿಸಿದ ದಿನವೇ ತೇವದ ಮಾತು ಹಿಂದಾಗಿ ನಿಮ್ಮ ಬಾಕಿಯ ಮಾತು ಮುಂದಾಗುತ್ತದೆ. ನಾಲ್ಕು ಸಲ ‘ಹೇಳಿದೆ’ ಎಂದಿದ್ದೀರಿ, ಒಮ್ಮೆಯಾದರೂ ಬರೆದು ಕೊಡಬಾರದಿತ್ತೇ? ಬಾಯಿಮಾತಿಗೆ ತಾರೀಖಿಲ್ಲ.

ಬರೆಯುವ ಮುಂಚೆ ನೀರಿನ ಮೂಲ ಹುಡುಕಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯದು. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು, ಅದಕ್ಕೆ ಓನರನ್ನು ದೂರುವಂತಿಲ್ಲ, ಕಿಟಕಿ ತೆರೆದಿಡಿ. ಮಳೆಯಲ್ಲಿ ಮಾತ್ರ ಒದ್ದೆಯಾದರೆ ಹೊರಗೋಡೆಯ ಬಿರುಕನ್ನು ಹುಡುಕಿ. ಬೇಸಿಗೆಯಲ್ಲೂ ಆರದಿದ್ದರೆ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ. ಮೇಲಿನ ಮನೆಯ ಬಚ್ಚಲಿದ್ದರೆ ಅಲ್ಲಿ ನೀರು ಹೋಗುವ ಬಾಯಿ ಮುಚ್ಚಿಸಿ, ಎರಡಿಂಚು ನೀರು ನಿಲ್ಲಿಸಿ 24 ಗಂಟೆ ನೋಡಿ.

ಪೇಂಟ್ ಏಕೆ ಉಬ್ಬಿತು ಅನ್ನುವುದೂ ಇಲ್ಲೇ ಇದೆ. ಒದ್ದೆ ಗೋಡೆಗೆ ಪುಟ್ಟಿ ಬಳಿದರೆ ಒಳಗಿನ ನೀರು ಉಪ್ಪನ್ನು ಹೊತ್ತು ಹೊರಬರುತ್ತಾ ಅದನ್ನು ತಳ್ಳಿಯೇ ತಳ್ಳುತ್ತದೆ. ಮೊದಲು ಸೋರುವುದನ್ನು ನಿಲ್ಲಿಸಬೇಕು. ಆಮೇಲೆ ಕಲೆಗಿಂತ ಒಂದಡಿ ಆಚೆಯವರೆಗೂ ಪ್ಲಾಸ್ಟರ್ ಕೆತ್ತಿ, 50 ಕೆಜಿ ಸಿಮೆಂಟ್ ಮೂಟೆಗೆ ಸುಮಾರು 200 ಮಿಲಿ ವಾಟರ್‌ಪ್ರೂಫಿಂಗ್ ದ್ರವ ಸೇರಿಸಿ 1:4 (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ಗಾರೆ ಮಾಡಿಸಿ, ಏಳು ದಿನ ನೀರುಣಿಸಿ, ಪೂರ್ತಿ ಒಣಗಿದ ನಂತರವೇ ಪುಟ್ಟಿ. ಮೇಸ್ತ್ರಿಗಳು ಆತುರಪಡುವುದು ಈ ಒಣಗಿಸುವ ಹಂತದಲ್ಲೇ.

ಇನ್ನು ಕಾಗದ. ತಾರೀಖಿರುವ ಫೋಟೊ, ತೇವದ ಅಳತೆ, ಮೂಲ ಎಲ್ಲಿ ಅನ್ನುವುದು, ಎರಡು ಎಸ್ಟಿಮೇಟ್, 15 ದಿನದ ಗಡುವು. ವಾಟ್ಸಾಪ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಶೀದಿ ಇಟ್ಟುಕೊಳ್ಳಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ಮಾಡಿಸಲೇಬೇಕಾದ’ ಅನ್ನುವುದು ಅಗ್ರಿಮೆಂಟಿನಲ್ಲಿರಬೇಕು, ಅನೇಕರು ಎಡವುವುದು ಇಲ್ಲೇ. ನಿಮ್ಮದರಲ್ಲಿ ಆ ಮಾತಿಲ್ಲದಿದ್ದರೆ ಓನರ್ ಒಪ್ಪಿಗೆಯನ್ನು ಮೆಸೇಜಿನಲ್ಲಾದರೂ ಪಡೆಯದೆ ಒಂದು ರೂಪಾಯಿಯನ್ನೂ ಮುರಿಯಬೇಡಿ. ಕರ್ನಾಟಕ ಬಾಡಿಗೆ ಕಾಯ್ದೆಯನ್ನು ನಂಬಿ ಕೂರುವಂತೆಯೂ ಇಲ್ಲ. 1999ರ ಆ ಕಾಯ್ದೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ಹೊರಗಿಟ್ಟಿತು. ಆ ಬಾಡಿಗೆಗೆ ಬೆಂಗಳೂರಿನಲ್ಲಿ ಈಗ ಯಾವ ಸಂಸಾರ ಹಿಡಿಸೀತು?

ಪಿಂಚಣಿಯಿಲ್ಲದೆ ಬಾಡಿಗೆಯನ್ನೇ ನಂಬಿದ ಓನರುಗಳಿದ್ದಾರೆ, ಒಪ್ಪಿದೆ. ಆದರೆ ಹತ್ತು ತಿಂಗಳ ಅಡ್ವಾನ್ಸ್ ಬಡ್ಡಿಯಿಲ್ಲದೆ ಅವರ ಕೈಯಲ್ಲಿರುವಾಗ ಪ್ಲಂಬರನ್ನು ಕರೆಸಲು ಏನು ಕಷ್ಟ? ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಏರಿಸುವುದನ್ನು ಯಾರೂ ಮರೆಯುವುದಿಲ್ಲ. ಮನೆ ಬಿಡುವ ದಿನ ‘ಪೇಂಟಿಂಗ್’ ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದನ್ನೂ ಮರೆಯುವುದಿಲ್ಲ. ಅದೂ ತಾವೇ ಒದ್ದೆ ಬಿಟ್ಟ ಗೋಡೆಗೆ! ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎಂದಿದೆ. ನಲ್ಲಿಯ ವಾಷರ್, ಸ್ವಿಚ್ಚು, ಬೀಗ ಬಾಡಿಗೆದಾರನ ಪಾಲು. ಕಟ್ಟಡದ ರಿಪೇರಿ, ಪೈಪು, ವೈರಿಂಗ್, ಸುಣ್ಣಬಣ್ಣ ಓನರ್ ಪಾಲು ಎಂದೂ ಹಂಚಿದೆ. ಅದು ಬರೀ ಮಾದರಿ, ರಾಜ್ಯಗಳು ಕಾನೂನು ಮಾಡಿಕೊಂಡರಷ್ಟೇ ಜಾರಿ. ಆದರೆ ಅದೇ ಹಂಚಿಕೆಯನ್ನು ನಿಮ್ಮ ಅಗ್ರಿಮೆಂಟಿಗೆ ಇಳಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಮುಂದಿನ ನವೀಕರಣಕ್ಕೆ ಟೈಪಿಸ್ಟ್ ಕೊಡುವ ಹಳೆಯ ನಮೂನೆಗೆ ಸಹಿ ಹಾಕುವ ಮುನ್ನ ಈ ಸಾಲು ಸೇರಿಸಿ: ‘ಸೋರಿಕೆ, ಪೈಪು, ವೈರಿಂಗ್ ಹಾಗೂ ಕಟ್ಟಡದ ರಿಪೇರಿಯನ್ನು ಲಿಖಿತ ಸೂಚನೆ ತಲುಪಿದ 15 ದಿನದೊಳಗೆ ಮಾಲೀಕರು ಮಾಡಿಸತಕ್ಕದ್ದು, ತಪ್ಪಿದಲ್ಲಿ ಬಾಡಿಗೆದಾರರು ಮಾಡಿಸಿ, ಬಿಲ್ಲಿನ ಮೊತ್ತವನ್ನು ಬಾಡಿಗೆಯಲ್ಲಿ ಕಳೆಯತಕ್ಕದ್ದು.’